ಮನೆ ಬಿಡದ ಸೈಕಲ್ಲು

ನಮ್ಮ ಪಡಸಾಲೆಯಲ್ಲಿರುವ ಸೈಕಲ್ಲಿಗೆ ಹಿಂದಿನ ಗಾಲಿಯಿಲ್ಲ. ಗಾಲಿ ಇರಬೇಕಾದ ಜಾಗವನ್ನು ಒಂದು ಕರಿಯ ಯಂತ್ರ ಕಚ್ಚಿ ಹಿಡಿದಿದೆ. ಬಿಚ್ಚಿದ ಗಾಲಿ ಮಂಚದ ಕೆಳಗೆ ಉಳ್ಳಾಗಡ್ಡಿಯ ಬುಟ್ಟಿಯ ಪಕ್ಕದಲ್ಲಿ ಮಲಗಿರುತ್ತದೆ. ಎದುರಿಗೆ ಸ್ಟೂಲಿನ ಮೇಲೆ ಒಂದು ಟ್ಯಾಬು, ಬದಿಯಲ್ಲಿ ಟೇಬಲ್ ಫ್ಯಾನು, ಹ್ಯಾಂಡಲ್ ಮೇಲೆ ಒಂದು ಟವೆಲ್ಲು. ದಿನಾ ಬೆಳಿಗ್ಗೆ ಚಹಾ ಕುಡಿದು, ಚಡ್ಡಿ ಹಾಕಿಕೊಂಡು, ನಾನು ಈ ಸೈಕಲ್ ಹತ್ತಿ ಸ್ವಿಟ್ಜರ್ಲೆಂಡಿಗೆ ಹೋಗುತ್ತೇನೆ. ತಿಂಡಿಯ ಹೊತ್ತಿಗೆ ವಾಪಸ್ಸು.

ನಿಮಗೆ ಈ ವಿದ್ಯೆ ಗೊತ್ತಿಲ್ಲದಿದ್ದರೆ ಸ್ವಲ್ಪ ಹೇಳಬೇಕು. ಟ್ಯಾಬಿನ ಪರದೆಯ ಮೇಲೆ ಒಂದು ರಸ್ತೆ ಕಾಣುತ್ತದೆ. ಅದರ ಮೇಲೆ ಹೆಲ್ಮೆಟ್ ಹಾಕಿದ ಒಬ್ಬ ಸಪೂರ ಮನುಷ್ಯ ಸೈಕಲ್ ತುಳಿಯುತ್ತಿರುತ್ತಾನೆ. ಅವನೇ ನಾನು. ನನ್ನ ಹೊಟ್ಟೆಯನ್ನು ಅವನಿಗೆ ಕೊಡುವ ಅವಕಾಶ ಆ ಆ್ಯಪಿನಲ್ಲಿ ಇತ್ತು, ನಾನು ಬಳಸಿಕೊಂಡಿಲ್ಲ. ಪರದೆಯಲ್ಲಿ ಏರು ಬಂದರೆ ಯಂತ್ರ ಬಿಗಿಯಾಗುತ್ತದೆ, ನನ್ನ ತೊಡೆ ಉರಿಯುತ್ತದೆ. ಇಳಿಜಾರು ಬಂದರೆ ಪೆಡಲು ಹಗುರ. ನನ್ನ ಹಾಗೆಯೇ ಎಲ್ಲೆಲ್ಲೋ ಮನೆಯೊಳಗೆ ಕೂತು ತುಳಿಯುತ್ತಿರುವವರು ಪಕ್ಕದಲ್ಲಿ ಹಾದುಹೋಗುತ್ತಾರೆ. ಪಕ್ಕದಲ್ಲಿ ಎಂದರೆ ಕೆಲವೊಮ್ಮೆ ನನ್ನ ಮೈಯೊಳಗಿಂದಲೇ. ಅಲ್ಲಿ ಯಾರಿಗೂ ಯಾರೂ ತಾಗುವುದಿಲ್ಲ. ನಾರ್ವೆಯ ಒಬ್ಬ ಮನುಷ್ಯ ನಾನು ಬೆಟ್ಟ ಹತ್ತುವಾಗ ಹೆಬ್ಬೆರಳು ಎತ್ತಿ ತೋರಿಸುತ್ತಾನೆ. ನಾನೂ ತೋರಿಸುತ್ತೇನೆ. ನಮ್ಮಿಬ್ಬರ ಸ್ನೇಹ ಅಷ್ಟೇ, ಆದರೆ ಈತನಕ ಒಂದು ಜಗಳವೂ ಆಗಿಲ್ಲ.

ಅರ್ಧ ಬೆಟ್ಟದಲ್ಲಿ ಬಾಗಲಕೋಟೆಯ ಕರೆಂಟು ಹೋಗುತ್ತದೆ. ಆಗ ಬಿಗಿಯೂ ಹೋಯಿತು, ಫ್ಯಾನೂ ಹೋಯಿತು, ಇಂಟರ್ನೆಟ್ಟೂ ಹೋಯಿತು, ಜೊತೆಗೆ ಆಲ್ಪ್ಸ್ ಪರ್ವತವೂ ಹೋಯಿತು. ಬೆವರು ಮಾತ್ರ ಉಳಿಯುತ್ತದೆ. ಅಡುಗೆಮನೆಯಿಂದ ಸರೋಜಾ ಕೇಳುತ್ತಾಳೆ: "ಇಳೀರಿ ಇನ್ನ. ಎಲ್ಲೀತನಕ ಮುಟ್ಟಿದ್ರಿ?"

"ತುದಿ ಇನ್ನೊಂದೀಟು ಇತ್ತು."

"ಅಲ್ಲೇ ನಿಂದರ್ರಿ ಹಂಗಾರ, ನಾ ಹಾಲು ಕಾಸಿ ಬರ್ತೇನಿ."

ಸರೋಜಾ ನನ್ನ ಹೆಂಡತಿ. ಈ ಯಂತ್ರ ನಮ್ಮ ಮನೆಗೆ ಬಂದದ್ದು ಅವಳ ಕಾಯಿದೆಯಿಂದ. ನಿವೃತ್ತಿಯಾದ ಮೇಲೆ ನಾನು ಈ ತೆಳುಗಾಲಿಯ, ಬಾಗಿದ ಹ್ಯಾಂಡಲ್ಲಿನ ಸೈಕಲ್ ಕೊಂಡು ನವನಗರದ ರಸ್ತೆಗಳಲ್ಲಿ ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ಸೆಕ್ಟರಿನ ಮೂಲೆಯಲ್ಲಿ ಹಂದಿಯೊಂದು ಅಡ್ಡ ಬಂತು. ಪರದೆಯ ಮೇಲಿನ ಹಂದಿಯಾಗಿದ್ದರೆ ನಾವಿಬ್ಬರೂ ಒಬ್ಬರೊಳಗೊಬ್ಬರು ಹಾದುಹೋಗುತ್ತಿದ್ದೆವು. ಇದು ಹಾಗೆ ಮಾಡಲಿಲ್ಲ. ಅದು ತನ್ನ ದಾರಿ ಹಿಡಿದು ಹೋಯಿತು, ನಾನು ದವಾಖಾನೆಯ ದಾರಿ ಹಿಡಿದೆ. ಮುಂಗೈಗೆ ಪ್ಲಾಸ್ಟರ್ ಬಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನವೇ ಸರೋಜಾ ತೀರ್ಪು ಕೊಟ್ಟಳು: "ಸೈಕಲ್ ಹೊಡೀರಿ, ಬ್ಯಾಡ ಅನ್ನೂದಿಲ್ಲ. ಆದರ ಹೊಸ್ತಿಲಾ ದಾಟೂಹಂಗಿಲ್ಲ." ಹೊಸ್ತಿಲು ದಾಟದೆ ಸೈಕಲ್ ಹೊಡೆಯುವುದು ಹೇಗೆ ಎಂದು ನಾನು ವ್ಯಂಗ್ಯವಾಗಿ ಸೈಕಲ್ ಅಂಗಡಿಯವನನ್ನು ಕೇಳಿದರೆ, ಅವನು ನಗದೆ ಒಳಗಿನಿಂದ ಈ ಯಂತ್ರ ತಂದು ತೋರಿಸಿದ.

ನಿಜ ಹೇಳಬೇಕೆಂದರೆ ಒಳಗಿನ ಸೈಕಲ್ಲು ನನ್ನಂಥವನಿಗೆ ಹೇಳಿ ಮಾಡಿಸಿದ್ದು. ನಾನು ಧಾರವಾಡದಲ್ಲಿ ಇತಿಹಾಸ ಓದಿ ಬಂದವನು, ಆಮೇಲೆ ಕಾಲೇಜಿನಲ್ಲಿ ಅದನ್ನೇ ಕಲಿಸಿದವನು. ಓದಿದ್ದರಿಂದ ಬಂದದ್ದು ಒಂದೇ ಚಟ: ಯಾರು ಏನು ಹೇಳಿದರೂ "ಆಧಾರವೇನು?" ಎಂದು ಕೇಳುವುದು. ಬಾದಾಮಿಯ ಬಂಡೆಗಳ ಮೇಲೆ ರಾಜರು ಕೊರೆಸಿದ ಹೊಗಳಿಕೆಗಳನ್ನು ವಿದ್ಯಾರ್ಥಿಗಳಿಗೆ ಓದಿಸಿ, "ಇದರಲ್ಲಿ ಎಷ್ಟನ್ನು ನಂಬುವಿರಿ?" ಎಂದು ಕೇಳುತ್ತಿದ್ದೆ. ಕೊನೆಗೆ ಈ ಚಟ ನನ್ನ ಮೇಲೆಯೇ ತಿರುಗಿತು. ಈಗ ನಾನು ನನ್ನ ನೆನಪುಗಳನ್ನೂ ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸುತ್ತೇನೆ. ಅವು ತಡವರಿಸುತ್ತವೆ. ಈ ಆ್ಯಪು ಹಾಗಲ್ಲ. ಎಷ್ಟು ದೂರ ಹೋದೆ, ಎಷ್ಟು ಎತ್ತರ ಏರಿದೆ, ಎದೆ ಎಷ್ಟು ಬಡಿದುಕೊಂಡಿತು, ಎಲ್ಲವನ್ನೂ ಬರೆದಿಡುತ್ತದೆ. ನಾನು ಎಂದೂ ಹೋಗದ ಊರುಗಳ ವಿಷಯದಲ್ಲಿ ನನ್ನ ಹತ್ತಿರ ಪಕ್ಕಾ ದಾಖಲೆಯಿದೆ. ಹುಟ್ಟಿ ಬೆಳೆದ ಊರಿನ ವಿಷಯದಲ್ಲಿ ಇಲ್ಲ.

ಉದಾಹರಣೆಗೆ, ನಾನು ಸೈಕಲ್ ಕಲಿತದ್ದು ಗುಳೇದಗುಡ್ಡದಲ್ಲಿ. ಇಷ್ಟು ಖಚಿತ. ಸೀಟಿಗೆ ಏರಲಾಗದ ವಯಸ್ಸಿನಲ್ಲಿ, ನಡುವಿನ ದಂಡಿಗೆಯ ಕೆಳಗಿನಿಂದ ಕಾಲು ತೂರಿಸಿ, ಮೈ ಒಂದು ಕಡೆ ಸೈಕಲ್ ಒಂದು ಕಡೆ ವಾಲಿಸಿಕೊಂಡು ಒಳಪೆಡಲು ಹೊಡೆಯುತ್ತಿದ್ದೆವು. ನಮ್ಮ ಓಣಿಯ ಎರಡೂ ಬದಿಯ ಮನೆಗಳಲ್ಲಿ ಮಗ್ಗಗಳಿದ್ದವು. ರವಿಕೆಯ ಖಣ ನೇಯುವ ಸದ್ದು ಬಾಗಿಲು ಬಾಗಿಲಿಗೂ ಬೇರೆ ಬೇರೆ. ಒಂದು ಮನೆಯ ಸದ್ದು ದಾಟಿ ಇನ್ನೊಂದು ಮನೆಯ ಸದ್ದು ಹಿಡಿಯುವ ತನಕ ಬೀಳದೆ ಹೋದರೆ ಗೆದ್ದ ಹಾಗೆ. ಬಿದ್ದರೆ ಮಗ್ಗ ನಿಲ್ಲುತ್ತಿತ್ತು, ಒಳಗಿನಿಂದ ಯಾರಾದರೂ "ಯಾರ ಮಗಾನೋ ಅಂವ?" ಎನ್ನುತ್ತಿದ್ದರು. ಮಗ್ಗ ನಿಂತಿತೆಂದರೆ ಇಡೀ ಓಣಿಗೆ ನಾನು ಬಿದ್ದ ಸುದ್ದಿ ಗೊತ್ತಾದಂತೆ.

ಇಲ್ಲಿಯವರೆಗೆ ಸರಿ. ಆದರೆ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುತ್ತಿದ್ದವರು ಯಾರು? ನನ್ನ ನೆನಪಿನಲ್ಲಿ ಅದು ಅಕ್ಕ. ಎರಡು ಜಡೆ, ಹಸಿರು ಲಂಗ, ಬರಿಗಾಲು. "ಬಿಟ್ಟೆ ನೋಡು, ಬಿಟ್ಟೆ" ಎಂದು ಕೂಗುತ್ತ ಬಿಡದೇ ಓಡುತ್ತಿದ್ದಳು. ಅಕ್ಕನನ್ನು ಕೇಳಿದರೆ, "ನಾ ಯಾಕ ಓಡ್ಲಿ? ನಿನ್ನ ಹಿಂದ ಓಡಾವ ಸೋದರಮಾವ. ನಾ ಕಟ್ಟಿ ಮ್ಯಾಲೆ ಕುಂತು ನಗತಿದ್ದೆ" ಎನ್ನುತ್ತಾಳೆ. ಹಾಗಾದರೆ ಆ ಹಸಿರು ಲಂಗ ಎಲ್ಲಿಂದ ಬಂತು? ಸೋದರಮಾವ ಅದನ್ನು ಉಟ್ಟಿರಲಾರ.

ಅಕ್ಕ ನನಗಿಂತ ದೊಡ್ಡವಳು, ಕೊಟ್ಟದ್ದು ಇಳಕಲ್ಲಿಗೆ. ಅಲ್ಲಿ ಅವಳ ಗಂಡನದು ಸೀರೆ ಅಂಗಡಿ. ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಅವರು ಮಾತಿಗಿಂತ ಮುಗುಳ್ನಗೆಯನ್ನು ಹೆಚ್ಚು ಬಳಸುವ ಮನುಷ್ಯ. ನಮ್ಮ ಕಡೆ ನಾಗರ ಪಂಚಮಿಗೆ ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳನ್ನು ತವರಿನವರು ಹೋಗಿ ಕರೆತರಬೇಕು. ಮದುವೆಯಾಗಿ ಎಷ್ಟು ವರ್ಷವಾದರೂ, ಮೊಮ್ಮಕ್ಕಳು ಬಂದರೂ, ಕರೆಯಲು ಒಬ್ಬರು ಹೋಗಿ ಹೊಸ್ತಿಲ ಮುಂದೆ ನಿಲ್ಲಬೇಕು. ಅವರ ಕೈಯ ರೊಟ್ಟಿ ಉಂಡು, ಅವರ ಚೀಲ ಎತ್ತಿಕೊಂಡು, ಜೊತೆಗೆ ಬರಬೇಕು. ಅವ್ವ ಇರುವ ತನಕ ಇದು ತಪ್ಪಿರಲಿಲ್ಲ. ಅವ್ವ ಹೋದ ಮೇಲೂ ನಾನು ಬಸ್ಸು ಹತ್ತಿ ಹೋಗುತ್ತಿದ್ದೆ. ಕಳೆದ ವರ್ಷ ಮಾತ್ರ, ಅಕ್ಕನ ಮೊಣಕಾಲು ನೋಯುತ್ತಿದೆಯೆಂದು ಕೇಳಿ, ನನಗೊಂದು ಉದಾರ ವಿಚಾರ ಬಂತು. ಬಾಡಿಗೆ ಕಾರು ಗೊತ್ತುಮಾಡಿ ಕಳಿಸಿದೆ. ಎಸಿ ಇರುವುದು.

ಮಧ್ಯಾಹ್ನ ಕಾರು ತಿರುಗಿ ಬಂತು. ನಾನು, ಸರೋಜಾ ಇಬ್ಬರೂ ಗೇಟಿಗೆ ಹೋಗಿ ನಿಂತೆವು. ಡ್ರೈವರ್ ಇಳಿದು ಹಿಂದಿನ ಬಾಗಿಲು ತೆಗೆದ. ಒಳಗೆ ಸೀಟಿನ ಮೇಲೆ ಒಂದು ದೊಡ್ಡ ಸ್ಟೀಲಿನ ಡಬ್ಬಿ ಕೂತಿತ್ತು. ಅದಕ್ಕೆ ಸೀಟ್‌ಬೆಲ್ಟು ಹಾಕಿತ್ತು.

"ಅಕ್ಕಾರು ಎಲ್ಲಿ?" ಎಂದು ಸರೋಜಾ ಕೇಳಿದಳು.

"ಅವ್ರು ಬರಲಿಲ್ರಿ. ಇವನ್ನ ಕುಂಡ್ರಿಸಿ ಕಳಿಸ್ಯಾರ್ರಿ," ಎಂದ ಡ್ರೈವರ್. "ಬೆಲ್ಟ್ ಅವ್ರ ಹಾಕ್ಯಾರ್ರಿ."

ಡಬ್ಬಿಯಲ್ಲಿ ಶೇಂಗಾದ ಉಂಡಿ, ಎಳ್ಳಿನ ಉಂಡಿ, ತಂಬಿಟ್ಟು. ಫೋನ್ ಮಾಡಿದರೆ ಅಕ್ಕ ಸಿಟ್ಟಾಗಲಿಲ್ಲ, ಅದೇ ಹೆದರಿಕೆಯ ಮಾತು. "ಕಾರಿನ ಪೈಕಿ ಯಾರೋ ಬಂದಿದ್ರಪ್ಪಾ. ನಮ್ಮ ಪೈಕಿ ಯಾರೂ ಬರಲಿಲ್ಲ" ಎಂದಷ್ಟೇ ಹೇಳಿ ಇಟ್ಟಳು.

ಈ ವರ್ಷ ಶ್ರಾವಣ ಹತ್ತಿರ ಬರುತ್ತಿದ್ದಂತೆ ಅವಳದೇ ಫೋನು ಬಂತು. ನಾನಾಗ ಇಟಲಿಯ ಒಂದು ಏರಿನಲ್ಲಿದ್ದೆ. ಸರೋಜಾ ಫೋನನ್ನು ನನ್ನ ಕಿವಿಗೆ ಹಿಡಿದಳು.

"ಎಲ್ಲಿದ್ದೀಯೋ?" ಎಂದಳು ಅಕ್ಕ.

"ಮನ್ಯಾಗ."

"ಮತ್ತ್ಯಾಕ ಹಿಂಗ ತೇಕತಿ?"

"ಸೈಕಲ್ ಹೊಡಿಯಾಕತ್ತೇನಿ."

"ಹೂಂ, ಸರೋಜಾ ಹೇಳ್ಯಾಳ. ದಿನಾ ಫ್ರಾನ್ಸು, ಇಟಲಿ ಎಲ್ಲಾ ಮುಟ್ಟಿ ಬರ್ತಿಯಂತ. ಅಷ್ಟು ದೂರ ಹೋಗಾವಗ ಇಳಕಲ್ ದಾರ‍್ಯಾಗ ಹತ್ತೂದಿಲ್ಲೇನು?"

ನಾನು ತುಳಿಯುವುದನ್ನು ನಿಲ್ಲಿಸಿದೆ. ಪರದೆಯ ಮೇಲಿನ ಸಪೂರ ಮನುಷ್ಯನೂ ಒಂದು ಕಾಲು ಕೆಳಗಿಟ್ಟು ನಿಂತ.

"ಮನ್ಯಾಗ ಕುಂತು ಹೊಡಿಯೂದನ್ನ ಈ ಕಡೆ ಹೊಡಿ," ಎಂದಳು ಅಕ್ಕ. "ಮೊದಲನೇ ಪಂಚಮಿಗೆ ಬಂದಿದ್ದೆಲ್ಲ, ಹಂಗ. ನೋಡು ತಮ್ಮಾ, ಈ ಸಲ ನೀ ಬಂದ್ರ ನಾ ಬರ್ತೇನಿ. ಬರಲಿಲ್ಲಂದ್ರ ಮುಂದಿನ ವರ್ಷದಿಂದ ನನ್ನ ಕರೀಬ್ಯಾಡ. ನಾನೂ ದಾರಿ ನೋಡೂದ ಬಿಡ್ತೇನಿ. ವಯಸ್ಸಾತು, ಬಾಗಲದಾಗ ನಿಂತು ನಿಂತು ಮೊಣಕಾಲು ನೋಯ್ತಾವ."

ಮೊದಲನೇ ಪಂಚಮಿ ಎಂದಾಗ ನಮ್ಮಿಬ್ಬರ ಹಳೆಯ ತಕರಾರು ಎದ್ದಿತು. ಅಕ್ಕನ ಮದುವೆಯಾದ ವರ್ಷ ಅವಳನ್ನು ಕರೆಯಲು ಹೋದವನು ನಾನು, ಗುಳೇದಗುಡ್ಡದಿಂದ ಅಪ್ಪನ ಸೈಕಲ್ಲಿನ ಮೇಲೆ. ಆಗ ಹೈಸ್ಕೂಲಿನಲ್ಲಿದ್ದೆ. ತಿರುಗಿ ಬರುವಾಗ ಅಕ್ಕ ಕ್ಯಾರಿಯರ್ ಮೇಲೆ ಕೂತಿದ್ದು, ಒಂದು ದೊಡ್ಡ ಏರು ಬಂದದ್ದು, ಅವಳು "ಇಳೀಲೇನು?" ಎಂದದ್ದು, ನಾನು "ಬ್ಯಾಡ, ಕುಂಡ್ರು" ಎಂದದ್ದು, ಅವಳ ಹೊಸ ಬಳೆಗಳು ಕುಲುಕಿದ್ದು, ನಾನು ಇಳಿಯದೇ ಆ ಏರು ಹತ್ತಿಸಿದ್ದು, ಎಲ್ಲವೂ ನೆನಪಿದೆ. ಇದನ್ನು ನಾನು ಸರೋಜಾಳಿಗೆ ಎಷ್ಟೋ ಸಲ ಹೇಳಿದ್ದೇನೆ. ಪ್ರತಿಸಲ ಏರು ಸ್ವಲ್ಪ ಎತ್ತರವಾಗಿದೆ ಎಂದು ಅವಳ ಆರೋಪ.

"ಬಸ್ಸಿನ್ಯಾಗ ಬಂದ್ವೋ," ಎಂದಳು ಅಕ್ಕ ಫೋನಿನಲ್ಲಿ. "ಸೈಕಲ್ ಟಾಪ್ ಮ್ಯಾಲಿತ್ತು. ನೀ ಬಾಯಿ ತಕ್ಕೊಂಡು ನನ್ನ ಹೆಗಲ ಮ್ಯಾಲೆ ಮಲಗಿದ್ದಿ."

"ಮತ್ತ ಆ ಏರು?"

"ಯಾವ ಏರು? ಸರೋಜಾಗ ಕೊಡು ಫೋನು."

ಆ ದಿನ ನಾನು ಆ್ಯಪಿನಲ್ಲಿ ಒಂದು ಕಿತಾಪತಿ ಮಾಡಿದೆ. ನಮಗೆ ಬೇಕಾದ ದಾರಿಯ ನಕಾಶೆಯನ್ನು ಅದಕ್ಕೆ ಕೊಟ್ಟರೆ, ಆ ದಾರಿಯ ಏರಿಳಿತವನ್ನು ಯಂತ್ರ ನಮ್ಮ ಕಾಲಿಗೆ ಕೊಡುತ್ತದೆ. ಇಳಕಲ್ಲಿನಿಂದ ಗುಳೇದಗುಡ್ಡದ ದಾರಿ ಕೊಟ್ಟು ತುಳಿಯುತ್ತ ಹೋದೆ. ಚಿತ್ರವಿಲ್ಲ, ಬರೀ ಒಂದು ಗೆರೆ. ಗೆರೆ ಅಲ್ಲಲ್ಲಿ ಸ್ವಲ್ಪ ಏಳುತ್ತಿತ್ತು, ಸ್ವಲ್ಪ ಇಳಿಯುತ್ತಿತ್ತು. ನನ್ನ ದೊಡ್ಡ ಏರು ಎಲ್ಲಿಯೂ ಸಿಗಲಿಲ್ಲ. ಸರ್ಕಾರ ರಸ್ತೆ ಮಾಡುವಾಗ ಕಡಿದಿರಬೇಕು ಎಂದುಕೊಂಡೆ. ಇಂಥ ಉತ್ತರ ಬರೆದ ವಿದ್ಯಾರ್ಥಿಗೆ ನಾನು ಅಂಕ ಕೊಡುತ್ತಿರಲಿಲ್ಲ.

ಸರೋಜಾಳನ್ನು ಒಪ್ಪಿಸುವುದು ಕಷ್ಟವಾಗಬಹುದೆಂದು ನಾನು ವಾದವನ್ನು ಸಿದ್ಧಮಾಡಿಕೊಂಡಿದ್ದೆ. ಬೇಕಾಗಲಿಲ್ಲ. ಅವಳು ಆಗಲೇ ಮಂಚದ ಕೆಳಗಿನ ಗಾಲಿಯನ್ನು ಹೊರಗೆಳೆದು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಹೊಸ್ತಿಲಾ ದಾಟೂಹಂಗಿಲ್ಲ ಅಂದಿದ್ದಿ?" ಎಂದೆ.

"ಚೈನಿ ಮಾಡಾಕ ದಾಟಬ್ಯಾಡ್ರಿ ಅಂದಿದ್ದೆ. ಅಕ್ಕಾರ್ನ ಕರಿಯಾಕ ದಾಟಬ್ಯಾಡ್ರಿ ಅಂದಿದ್ನೇನು?" ಎಂದಳು. "ಹಂದಿ ಬಂದ್ರ ನೀವ ಇಳೀರಿ. ಅದಕ್ಕ ದಾರಿ ಬಿಡ್ರಿ."

ರೊಟ್ಟಿ ಪಂಚಮಿಯ ದಿನ, ಅಂದರೆ ಹಬ್ಬದ ಮುಂಚೆ ಮನೆಮನೆಗೂ ರೊಟ್ಟಿ ಹಂಚುವ ದಿನ, ಬೆಳಕು ಹರಿಯುತ್ತಿದ್ದಂತೆ ಹೊರಟೆ. ಬೆನ್ನ ಚೀಲದಲ್ಲಿ ಅಕ್ಕನಿಗೊಂದು ಗುಳೇದಗುಡ್ಡದ ಖಣ, ಒಣಕೊಬ್ಬರಿ, ಸರೋಜಾ ತುಂಬಿಕೊಟ್ಟ ಔಷಧದ ಪೆಟ್ಟಿಗೆ.

ಊರು ದಾಟಿದ ಮೇಲೆ ನನಗೆ ಒಂದು ಆಶ್ಚರ್ಯ ಕಾದಿತ್ತು. ನಾನು ಹಾರುತ್ತಿದ್ದೆ. ಕಮತಗಿ ಬಂದದ್ದು ಗೊತ್ತಾಗಲಿಲ್ಲ, ಹೋದದ್ದು ಗೊತ್ತಾಗಲಿಲ್ಲ. ಎರಡೂ ಕಡೆ ಕರಿ ನೆಲದಲ್ಲಿ ಸಜ್ಜೆ, ಹೆಸರು ಹಸಿರಾಗಿ ನಿಂತಿದ್ದವು. ಬೇವಿನ ಮರಗಳಿಗೆ ಜೋಕಾಲಿ ಕಟ್ಟುತ್ತಿದ್ದರು. ಮನೆಯೊಳಗೆ ಕೂತು ಬೆಟ್ಟ ಹತ್ತಿದ್ದು ಎಷ್ಟು ಕೆಲಸ ಮಾಡಿದೆ ನೋಡು ಎಂದು ನನ್ನ ತೊಡೆಗಳನ್ನು ನಾನೇ ಮೆಚ್ಚಿಕೊಂಡೆ. ನಾರ್ವೆಯವನು ಈಗ ನೋಡಬೇಕಿತ್ತು ಎಂದುಕೊಂಡೆ. ಪಕ್ಕದ ಹೊಲದಲ್ಲಿ ಸಜ್ಜೆಯೆಲ್ಲ ನಾನು ಹೋಗುವ ದಿಕ್ಕಿಗೇ ಬಾಗಿ ಬಾಗಿ ಓಡುವಂತೆ ಕಾಣುತ್ತಿದ್ದುದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಪಡಸಾಲೆಯಲ್ಲಿ ಗಾಳಿ ಎಂದರೆ ಟೇಬಲ್ ಫ್ಯಾನು. ಅದು ಯಾವಾಗಲೂ ಮುಖಕ್ಕೇ ಬೀಸುತ್ತದೆ. ಬೆನ್ನ ಹಿಂದಿನ ಗಾಳಿಯೊಂದು ಇದೆಯೆಂಬುದು ನನಗೆ ಮರೆತೇ ಹೋಗಿತ್ತು.

ಇನ್ನೊಂದು ಮರೆತಿದ್ದೆ. ಪರದೆಯ ರಸ್ತೆಯಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಇಲ್ಲಿ ಕೇಳದೇ ಬಿಟ್ಟವರಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವಳು ಕೇಳಿದಳು. ಟ್ರ್ಯಾಕ್ಟರಿನವನು ಇಂಜಿನ್ ಸದ್ದು ಇಳಿಸಿ ಕೇಳಿದ. ಅಮೀನಗಡದಲ್ಲಿ ಚಹಾಕ್ಕೆ ನಿಂತಾಗ, ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯರು ನನ್ನ ಬಿಗಿ ಚಡ್ಡಿಯನ್ನು ಆದಷ್ಟು ನೋಡದವರಂತೆ ನೋಡಿ, "ಎಲ್ಲಿಗ್ರಿ ಸರ?" ಎಂದರು.

"ಇಳಕಲ್ಲಿಗೆ."

"ಸೈಕಲ್ ಮ್ಯಾಲೆ? ಯಾಕ್ರಿ, ಬಸ್ ಬಂದ್ ಅದಾವೇನು?"

"ಬಸ್ ಅದಾವ್ರಿ. ಪಂಚಮಿಗೆ ಅಕ್ಕನ್ನ ಕರಿಯಾಕ ಹೊಂಟೇನಿ."

ಅವರ ಮುಖ ಅರಳಿತು. "ಸೈಕಲ್ ಮ್ಯಾಲೆ ಕರಿಯಾಕ ಹೊಂಟಾರಂತ ನೋಡ್ರೋ," ಎಂದು ಉಳಿದವರಿಗೆ ಹೇಳಿದರು. ಆಮೇಲೆ ಸೈಕಲ್ಲನ್ನು ಮುಂದಿನಿಂದ ಹಿಂದಿನ ತನಕ ನೋಡಿದರು. ಇನ್ನೊಮ್ಮೆ ನೋಡಿದರು. ಏನೋ ಕೇಳಲು ಬಾಯಿ ತೆರೆದು, ಕೇಳದೆ ಒಂದು ಗುಟುಕು ಚಹಾ ಕುಡಿದು, "ಚಲೋ ಆತು ಬಿಡ್ರಿ" ಎಂದರು. ನನ್ನ ಧೈರ್ಯಕ್ಕೆ ಅವರು ಮೂಕರಾದರೆಂದು ತಿಳಿದು ನಾನು ಎದೆಯುಬ್ಬಿಸಿ ಹೊರಟೆ.

ಹುನಗುಂದದಲ್ಲಿ ನನ್ನ ಎದೆಯ ಗಾಳಿ ಇಳಿಯಿತು. ಅಲ್ಲಿಂದ ಇಳಕಲ್ಲಿಗೆ ಹೆದ್ದಾರಿ ತೆಂಕಣಕ್ಕೆ ತಿರುಗುತ್ತದೆ. ಇಷ್ಟು ಹೊತ್ತು ಬೆನ್ನು ತಟ್ಟುತ್ತಿದ್ದ ಪಡುವಣ ಗಾಳಿ ಈಗ ಪಕ್ಕೆಗೆ ಗುದ್ದತೊಡಗಿತು. ಒಂದು ಲಾರಿ ಹಾದುಹೋದರೆ ಗಾಳಿ ಒಂದು ಕ್ಷಣ ನಿಂತು, ಲಾರಿ ದಾಟಿದ ಕೂಡಲೇ ಎರಡು ಪಟ್ಟಾಗಿ ಬಂದು ನನ್ನನ್ನು ಮಣ್ಣಿಗೆ ಇಳಿಸುತ್ತಿತ್ತು. ಹುನಗುಂದದ ತನಕ ಸೈಕಲ್ ಹೊಡೆದವನು ನಾನಲ್ಲ, ಗಾಳಿ ಎಂದು ಆಗ ತಿಳಿಯಿತು. ಮೇಲೆ ಮಳೆಯೂ ಸಣ್ಣಗೆ ಶುರುವಾಯಿತು. ರಸ್ತೆಯ ಬದಿಗೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಾಗ, ಬಟ್ಟೆಯ ಗಂಟುಗಳನ್ನು ಹೇರಿದ್ದ ಒಂದು ಟೆಂಪೋ ಮುಂದೆ ಹೋಗಿ ನಿಂತಿತು.

"ಯಾಕ್ರಿ ಸರ, ಗೇರ್ ಇಲ್ಲೇನ್ರಿ ಇದಕ?" ಎಂದು ಡ್ರೈವರ್ ತಲೆ ಹೊರಹಾಕಿದ.

"ಗೇರ್ ಭಾಳ ಅದಾವ."

"ಮತ್ತ್ಯಾಕ ನಿಂತೀರಿ?"

ಸೈಕಲ್ಲು ಗಂಟುಗಳ ಮೇಲೆ ಮಲಗಿತು, ನಾನು ಡ್ರೈವರನ ಪಕ್ಕದಲ್ಲಿ ಕೂತೆ. ಇದನ್ನು ನಾನು ಸೋಲೆಂದು ಭಾವಿಸಲಿಲ್ಲ. ಇಳಕಲ್ಲಿನ ಅಂಚಿನಲ್ಲಿ ಇಳಿದು, ಮುಖದ ಮೇಲೆ ಸ್ವಲ್ಪ ನೀರು ಚಿಮುಕಿಸಿಕೊಂಡು, ಕೊನೆಯ ಓಣಿಗಳನ್ನು ಸೈಕಲ್ ಮೇಲೆಯೇ ದಾಟಿದರೆ ಚಿತ್ರ ಕೆಡುವುದಿಲ್ಲ ಎಂದು ಲೆಕ್ಕ ಹಾಕಿದೆ. ಹಾಗೆಯೇ ಮಾಡಿದೆ.

ಅಕ್ಕನ ಓಣಿಯ ತಿರುವಿನಲ್ಲಿ ಗಂಟೆ ಬಾರಿಸಬೇಕೆಂದರೆ ಈ ಸೈಕಲ್ಲಿಗೆ ಗಂಟೆಯಿಲ್ಲ. "ಅಕ್ಕಾ!" ಎಂದು ಕೂಗಿದೆ. ಅವಳು ಬಾಗಿಲಲ್ಲೇ ಇದ್ದಳು. ಅವಳ ಸುತ್ತ ಓಣಿಯ ಹೆಂಗಸರಿದ್ದರು, ಎಲ್ಲರ ಕೈಯಲ್ಲೂ ಹಂಚಲು ಹೊರಟ ರೊಟ್ಟಿಯ ತಾಟು. ನಾನು ಬರುತ್ತೇನೆಂದು ಅವಳು ಎಲ್ಲರಿಗೂ ಹೇಳಿದ್ದಳೆಂದು ಆ ಮುಖಗಳಿಂದಲೇ ಗೊತ್ತಾಯಿತು. ಬಂದರೆ ನೋಡಲು, ಬಾರದಿದ್ದರೆ ಸಮಾಧಾನ ಹೇಳಲು, ಎರಡಕ್ಕೂ ಅವರು ತಯಾರಾಗಿ ನಿಂತಂತಿತ್ತು. ಸೈಕಲ್ಲಿನಿಂದ ಇಳಿದೆ. ಅಕ್ಕ ನನ್ನನ್ನು ನೋಡಲಿಲ್ಲ. ಸೈಕಲ್ಲನ್ನು ನೋಡಿದಳು. ಅದರ ಸುತ್ತ ಒಂದು ಸುತ್ತು ಬಂದಳು.

"ಕ್ಯಾರಿಯರ್ ಎಲ್ಲೋ?" ಎಂದಳು.

ನಾನೂ ಹಿಂದೆ ತಿರುಗಿ ನೋಡಿದೆ, ದಾರಿಯಲ್ಲಿ ಬಿದ್ದಿರಬಹುದೇನೋ ಎಂಬಂತೆ. ಈ ಜಾತಿಯ ಸೈಕಲ್ಲಿಗೆ ಕ್ಯಾರಿಯರ್ ಇರುವುದೇ ಇಲ್ಲ.

"ಅಕ್ಕನ್ನ ಕರಿಯಾಕ ಬಂದಾನವ್ವಾ, ಕುಂಡ್ರಿಸಾಕ ಜಾಗಾ ಇಲ್ಲದ ಸೈಕಲ್ ತಗೊಂಡು!" ಎಂದು ಅಕ್ಕ ಓಣಿಗೆಲ್ಲ ಕೇಳುವಂತೆ ಹೇಳಿದಳು. "ಕಾಲೇಜಿನ್ಯಾಗ ಇಷ್ಟು ವರ್ಷ ಏನು ಕಲಿಸಿದ್ದೆಪಾ?" ಹೆಂಗಸರು ತಾಟು ಹಿಡಿದುಕೊಂಡೇ ನಕ್ಕರು. ಒಬ್ಬಳಂತೂ ನಗುತ್ತ ನಗುತ್ತ ಕಟ್ಟೆಯ ಮೇಲೆ ಕೂತಳು. ಅಮೀನಗಡದ ಹಿರಿಯರು ಯಾವುದನ್ನು ಕೇಳದೇ ಚಹಾ ಕುಡಿದರೆಂದು ನನಗಾಗ ಅರ್ಥವಾಯಿತು. ನಗುತ್ತ ನಗುತ್ತಲೇ ಅಕ್ಕ ನನ್ನ ಒದ್ದೆ ತಲೆಯ ಮೇಲೆ ಸೆರಗಿಟ್ಟು ಒರೆಸತೊಡಗಿದಳು. ನನಗೆ ಅರವತ್ತು ದಾಟಿದೆ ಎಂಬುದು ಆ ಓಣಿಯಲ್ಲಿ ಯಾರಿಗೂ ಲೆಕ್ಕಕ್ಕಿರಲಿಲ್ಲ.

ಊಟಕ್ಕೆ ಸಜ್ಜೆ ರೊಟ್ಟಿ, ನಾಲ್ಕೈದು ಬಗೆಯ ಪಲ್ಯ, ಶೇಂಗಾ ಹಿಂಡಿ. ಅಕ್ಕ ಎದುರಿಗೆ ಕೂತು ತಾಟಿಗೆ ಹಾಕುತ್ತಲೇ ಇದ್ದಳು. ಹೊಟ್ಟೆ ತುಂಬಿದ ಮೇಲೆ ನನಗೆ ಧೈರ್ಯ ಬಂತು.

"ಹೋದ ವರ್ಷ ಕಾರ್ ಕಳಿಸಿದ್ದೆಲ್ಲ ಅಕ್ಕಾ. ಆರಾಮ ಬರಬಹುದಿತ್ತು. ಮೊಣಕಾಲು ನೋಯ್ತಾವಂತ ಕಳಿಸಿದ್ದೆ."

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅವ್ವ ಹ್ವಾದ್ಲು. ಗುಳೇದಗುಡ್ಡದ ಮನಿ ಕೊಟ್ವಿ. ನಿಮ್ಮ ನವನಗರದ ಮನಿ ಚಲೋ ಐತಿ, ಇಲ್ಲನ್ನೂದಿಲ್ಲ, ಆದರ ನಾ ಆಡಿ ಬೆಳೆದ ಮನಿ ಅಲ್ಲ. ಮತ್ತ ನನಗ ತವರು ಅಂತ ಎಲ್ಲಿ ಉಳದೈತಿ ಹೇಳು? ನೀ ಕರಿಯಾಕ ಬಂದು ಬಾಗಲದಾಗ ನಿಂದ್ರೂದು, ಅಷ್ಟ ಉಳದೈತಿ. ಡ್ರೈವರ್ ಬಂದು ಹಾರ್ನ್ ಹೊಡದ್ರ ಅದು ತವರಲ್ಲೋ, ಟ್ಯಾಕ್ಸಿ." ಆಮೇಲೆ ಅದೇ ಉಸಿರಿನಲ್ಲಿ, "ಇನ್ನರ್ಧ ರೊಟ್ಟಿ ಹಾಕ್ಲೇನು?" ಎಂದಳು.

ನಾನು ಬೇಡವೆನ್ನಲಿಲ್ಲ. ಮಾತು ತಿರುಗಿಸಲು ಹಳೆಯ ಏರಿನ ವಿಷಯ ತೆಗೆದೆ. ಬಳೆ ಕುಲುಕಿದ್ದು, ಇಳೀಲೇನು ಎಂದದ್ದು, ಎಲ್ಲ ಸುಳ್ಳೇ? ಅಕ್ಕ ಸ್ವಲ್ಪ ಯೋಚಿಸಿದಳು.

"ಕ್ಯಾರಿಯರ್ ಮ್ಯಾಲೆ ಕುಂತಿದ್ದು ಖರೆ," ಎಂದಳು. "ಗುಳೇದಗುಡ್ಡದ ಬಸ್‌ಸ್ಟ್ಯಾಂಡಿಂದ ಮನೀತನಕ. ನಮ್ಮ ಓಣಿ ಬಾಯಾಗ ಸಣ್ಣ ದಿಬ್ಬ ಇತ್ತು. ಅಲ್ಲೆ ಇಳೀಲೇನು ಅಂದಿದ್ದೆ. ನೀ ಜಿದ್ದಿಲೆ ಹತ್ತಿಸಿದಿ. ಮಗ್ಗ ಬಿಟ್ಟು ಎಲ್ಲಾರೂ ನೋಡಾಕ ಬಂದಿದ್ರು."

ನಾನು ಲೆಕ್ಕ ಹಾಕಿದೆ. ಒಂದು ಓಣಿಯ ದಿಬ್ಬವನ್ನು ನಾನು ಇಡೀ ಜಿಲ್ಲೆಗೆ ಹಾಸಿದ್ದೆ. ಬಾದಾಮಿಯ ರಾಜರೂ ಸುಮಾರಾಗಿ ಹೀಗೆಯೇ ಗೆದ್ದಿರಬೇಕು. ಆದರೂ ದಿಬ್ಬವಿತ್ತು, ಬಳೆಯಿತ್ತು, ಅಕ್ಕ ಇಳಿದಿರಲಿಲ್ಲ. ನನಗೆ ಅಷ್ಟು ಸಾಕೆನಿಸಿತು.

ಆಗ ಅಂಗಡಿಯಿಂದ ಮಾಮಾ ಬಂದರು. ಕೈಕಾಲು ತೊಳೆದು ನನ್ನ ಪಕ್ಕದಲ್ಲಿ ಊಟಕ್ಕೆ ಕೂತು, ಮುಗುಳ್ನಕ್ಕು, "ಇವತ್ತು ಹುನಗುಂದದ ಕಡಿಂದ ನಮ್ಮ ಅಂಗಡಿಗೆ ಮಾಲು ಬಂತು," ಎಂದರು. "ಟೆಂಪೋದಾಗ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಗಂಟಿನ ಮ್ಯಾಲೆ ಚೈನಿನ ಎಣ್ಣಿ ಹತ್ತಿತ್ತು," ಎಂದರು ಮಾಮಾ. "ಏನು, ಎತ್ತ ಅಂತ ಡ್ರೈವರ್‌ನ ಕೇಳಿದೆ. ಇಕಿಗೂ ಫೋನ್ ಮಾಡಿ ಹೇಳಿದೆ."

ನಾನು ಅಕ್ಕನ ಮುಖ ನೋಡಿದೆ. ಅವಳು ಮಾಮಾನ ತಾಟಿಗೆ ಬದನೆಕಾಯಿ ಹಾಕುತ್ತ, "ಮಳ್ಯಾಗ ನಿಂತಿದ್ನಂತ, ಏನು ಮಾಡಬೇಕಿತ್ತು? ಸುಮ್ನ ಉಣ್ರಿ" ಎಂದಳು. ಅಷ್ಟಕ್ಕೆ ಆ ಮಾತು ಮುಗಿಯಿತು. ಅವಳು ಎದ್ದು ಒಳಗೆ ಹೋಗಿ ಟ್ರಂಕು ತೆರೆದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇಳಕಲ್ ಸೀರೆಯುಟ್ಟು, ನಾನು ತಂದ ಖಣವನ್ನು ಚೀಲದಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಹೊರಬಂದಳು. "ನಡಿ," ಎಂದಳು. ಓಣಿಯ ಉದ್ದಕ್ಕೂ, "ನಮ್ಮ ತಮ್ಮ ಬಂದಾನ, ಹೋಗಿ ಬರ್ತೇನಿ" ಎಂದು ತೆರೆದ ಬಾಗಿಲಿಗೂ ಹೇಳಿದಳು, ಮುಚ್ಚಿದ ಬಾಗಿಲು ಬಡಿದೂ ಹೇಳಿದಳು.

ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ಲನ್ನು ಟಾಪಿನ ಮೇಲೆ ಏರಿಸಿ ಕಟ್ಟಿದೆವು. ಕಂಡಕ್ಟರ್ ಅದನ್ನು ಒಂದೇ ಕೈಯಲ್ಲಿ ಎತ್ತಿ, "ಇದರಾಗ ಏನೂ ಇಲ್ಲಲ್ರೀ ಸರ" ಎಂದು ಕನಿಕರಪಟ್ಟ. ಅಕ್ಕ ಕಿಟಕಿಯ ಪಕ್ಕ ಕೂತಳು, ಚೀಲ ನನ್ನ ತೊಡೆಯ ಮೇಲೆ. ಹುನಗುಂದ ದಾಟಿ ಬಸ್ಸು ಪಡುವಣಕ್ಕೆ ಹೊರಳಿತು. ಕಿಟಕಿಯಿಂದ ಗಾಳಿ ಒಳನುಗ್ಗಿ ಅಕ್ಕನ ಸೆರಗನ್ನು ನನ್ನ ಮುಖಕ್ಕೆ ಬಡಿಯಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸು ಹಿಂತಿರುಗಿ, "ಎಲ್ಲಿಗ್ರಿ ಯವ್ವಾ, ತವರಿಗೇನು?" ಎಂದಳು.

"ಹೂಂ, ತವರಿಗೆ," ಎಂದಳು ಅಕ್ಕ. "ಇಂವ ನನ್ನ ತಮ್ಮ. ಬಾಗಲಕೋಟಿಂದ ಸೈಕಲ್ ಹೊಡಕೊಂಡು ಬಂದಾನ, ನನ್ನ ಕರಿಯಾಕ."

"ಯವ್ವಾ! ಇಡೀ ದಾರಿ?"

"ಇಡೀ ದಾರಿ," ಎಂದಳು ಅಕ್ಕ, ಕಣ್ಣು ಮಿಟುಕಿಸದೆ.

ಆ ಹೆಂಗಸು ನನ್ನ ಕಡೆ ತಿರುಗಿದಳು. ನನ್ನ ಬಿಳಿಗೂದಲು, ಹೊಟ್ಟೆ, ಮಣ್ಣಾದ ಬೂಟು ಎಲ್ಲವನ್ನೂ ನಿಧಾನವಾಗಿ ನೋಡಿದಳು. "ಖರೇನೇನ್ರಿ?" ಎಂದಳು.

ನನ್ನ ವೃತ್ತಿಯ ಇಷ್ಟು ವರ್ಷಗಳಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಜೇಬಿನಲ್ಲಿದ್ದ ಫೋನಿನಲ್ಲಿ ಟೆಂಪೋದ ವೇಗ ಸಮೇತ ಎಲ್ಲವೂ ದಾಖಲಾಗಿತ್ತು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಖರೆ ಐತ್ರಿ," ಎಂದೆ.

"ಈ ಗಾಳ್ಯಾಗ?"

"ಅದೂ ಎದುರುಗಾಳಿರಿ," ಎಂದೆ.

ಅಕ್ಕ ಹಾಗೆಯೇ ಹೊರಗೆ ನೋಡುತ್ತಿದ್ದಳು. ಅವಳ ಹೆಗಲು ಮಾತ್ರ ನಗುವಿಗೆ ಕುಲುಕುತ್ತಿತ್ತು.